ಒಬ್ಬನಿಗೆ ಲೆಕ್ಕ ಇಲ್ಲ ಮಾರಾಯ

ನನ್ನ ದೊಡ್ಡಪ್ಪ ಮದುವೆ, ಮುಂಜಿಗಳಿಗೆ ಅಡುಗೆ ಮಾಡುತ್ತಿದ್ದವರು. ಕಟಪಾಡಿ, ಕಾಪು, ಶಿರ್ವ ಕಡೆಯ ಎಷ್ಟೋ ಮನೆಗಳ ಅಂಗಳದಲ್ಲಿ ಅವರ ಕೊದ್ದೆಲು, ಅಂದರೆ ಕಾಯಿ ಅರೆದು ಹಾಕಿದ ಹುಳಿ, ಕುದಿದಿದೆ. 500 ಜನಕ್ಕೆ ಎಷ್ಟು ಕಾಯಿ, ಎಷ್ಟು ಸೇರು ಬೇಳೆ ಅಂತ ಕೇಳಿದರೆ ಎಲೆ ಅಡಿಕೆ ಜಗಿಯುತ್ತಲೇ ಹೇಳುತ್ತಾರೆ. ಕಾಗದ ಬೇಡ, ಪೆನ್ನು ಬೇಡ. ಎರಡು ವರ್ಷದ ಹಿಂದೆ ಒಂದು ಸಂಜೆ ನಾನು ಫೋನ್ ಮಾಡಿ, “ದೊಡ್ಡಪ್ಪ, ಒಬ್ಬನಿಗೆ ಕೊದ್ದೆಲು ಮಾಡ್ಬೇಕು, ಲೆಕ್ಕ ಹೇಳಿ” ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ, “ಒಬ್ಬನಿಗಾ? ಒಬ್ಬನಿಗೆ ಲೆಕ್ಕ ಇಲ್ಲ ಮಾರಾಯ. ಯಾರನ್ನಾದ್ರೂ ಊಟಕ್ಕೆ ಕರಿ” ಅಂದರು.

ಅವರು ತಮಾಷೆ ಮಾಡಿದ್ದಲ್ಲ. ನಮ್ಮ ಕಡೆಯ ಅಡುಗೆಯೇ ಹಾಗೆ. ಎಲ್ಲದಕ್ಕೂ ತುಂಬಿದ ಮನೆಯ ಅಳತೆ. ಅಮ್ಮನ ಹಳೇ ನೋಟ್‌ಪುಸ್ತಕ ತೆರೆದರೆ “ಅಕ್ಕಿ 4 ಕುಡ್ತೆ, ಕಾಯಿ 1, ಹುಣಸೆಹುಳಿ ದೊಡ್ಡ ನಿಂಬೆಯಷ್ಟು” ಅಂತಲೇ ಶುರು. ಕುಡ್ತೆ ಅಂದರೆ ನಮ್ಮ ಕಡೆಯ ಒಂದು ಅಳತೆ. ಅದು ಎಂಟು ಜನರ ಮನೆ, ಮೇಲೆ ಬಂದು ಹೋಗುವವರು ಬೇರೆ. ದೊಡ್ಡ ನಿಂಬೆಯಷ್ಟು ಹುಳಿಯನ್ನು ಎಂಟರಿಂದ ಭಾಗಿಸಿದರೆ ಎಷ್ಟಾಗುತ್ತದೆ? ಅಮ್ಮನನ್ನೇ ಕೇಳಿದೆ. “ಹುಣಸೆಬೀಜದಷ್ಟು” ಅಂದಳು. ಬೀಜ ತೆಗೆದು ಬಿಸಾಡಿ, ಆ ಬೀಜದಷ್ಟೇ ಹುಳಿ ಇಟ್ಟುಕೊಳ್ಳಬೇಕು. ಸರಿಯಾದ ಅಳತೆ ಅದು, ಆಮೇಲೆ ನೋಡಿದೆ.

ನಾನು ಮಂಗಳೂರಿನ ಬಿಜೈಯಲ್ಲಿ ಒಂದು ಫ್ಲ್ಯಾಟಿನಲ್ಲಿ ಇದ್ದೇನೆ. ಹೆಂಡತಿಗೆ ಬೆಂಗಳೂರಿಗೆ ವರ್ಗ ಆಯಿತು, ಅವಳ ಜೊತೆ ಮಗನೂ ಹೋದ. ನನ್ನ ಕೆಲಸ ಇಲ್ಲೇ. ಹದಿನೈದು ದಿನಕ್ಕೊಮ್ಮೆ ಅವರು ಬರುತ್ತಾರೆ, ಇಲ್ಲವಾದರೆ ನಾನು ರಾತ್ರಿ ಬಸ್ಸು ಹತ್ತುತ್ತೇನೆ. ಮೊದಲ ಮೂರು ತಿಂಗಳು ಪೂರ್ತಿ ಹೊರಗಿನ ಊಟ. ಹೋಟೆಲ್ ಊಟ ಕೆಟ್ಟದ್ದು ಅಂತ ಬೈಯೋಕೆ ನಾನು ಬರೆಯುತ್ತಿಲ್ಲ, ಉಡುಪಿ ಕಡೆಯವನು ಹಾಗೆ ಬರೆದರೆ ಊರಿಗೆ ಕಾಲಿಡೋಕೆ ಆಗಲಿಕ್ಕಿಲ್ಲ. ನಮ್ಮವರು ಊರು ಬಿಟ್ಟು ಹೋಗಿ ಮದ್ರಾಸು, ಮುಂಬೈ, ಬೆಂಗಳೂರಿಗೆಲ್ಲ ಊಟ ಹಾಕಿದವರು. 1924ರಲ್ಲಿ ಎಂಟಿಆರ್ ಶುರು ಮಾಡಿದ ಮಯ್ಯ ಸಹೋದರರು ಇಲ್ಲೇ ಕೋಟದ ಹತ್ತಿರ ಪಾರಂಪಳ್ಳಿಯವರು. ಹೋಟೆಲ್ ನಮ್ಮ ರಕ್ತದಲ್ಲಿದೆ. ಈಗಲೂ ಉಡುಪಿಗೆ ಹೋದರೆ ರಥಬೀದಿಯಲ್ಲಿ ಗೋಳಿಬಜೆ ತಿನ್ನದೆ ಬರುವುದಿಲ್ಲ.

ಆದರೆ ದಿನಾ ತಿಂದರೆ ಒಂದು ವಿಷಯ ಆಗುತ್ತದೆ. ನಾಲಿಗೆಗೆ ಏನು ಬೇಕು ಅಂತ ಮರೆತುಹೋಗುತ್ತದೆ. ಮೆನು ನೋಡಿ ಹಸಿವಾಗುವುದು, ಇಲ್ಲದಿದ್ದರೆ ಇಲ್ಲ. ಒಂದು ರಾತ್ರಿ ಸೋಫಾದಲ್ಲಿ ಬಿದ್ದುಕೊಂಡು ಮೊಬೈಲಿನಲ್ಲಿ 40 ನಿಮಿಷ ಊಟದ ಫೋಟೋಗಳನ್ನು ಮೇಲೆ ಕೆಳಗೆ ಮಾಡಿ, ಏನೂ ತರಿಸದೆ, ಕೊನೆಗೆ ಎರಡು ಬಾಳೆಹಣ್ಣು ತಿಂದು ಮಲಗಿದೆ. ಆ 40 ನಿಮಿಷದಲ್ಲಿ ಅನ್ನ, ಸಾರು, ಒಂದು ಪಲ್ಯ ಆಗುತ್ತಿತ್ತಲ್ಲ ಅಂತ ಮಲಗಿದ ಮೇಲೆ ಹೊಳೆಯಿತು.

ಮರುದಿನ ಆಫೀಸಿನಲ್ಲಿ ಇದನ್ನು ಹೇಳಿದರೆ ಎಲ್ಲರದ್ದೂ ಒಂದೇ ಮಾತು: “ಒಬ್ಬನಿಗೇ ಎಂತ ಅಡುಗೆ ಮಾಡೋದು?” ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಒಬ್ಬನೇ ಇರುವಾಗ ಸ್ನಾನ ಮಾಡುತ್ತೇವೆ, ಹಾಸಿಗೆ ಸರಿ ಮಾಡುತ್ತೇವೆ, ಒಬ್ಬರೇ ಸಿನಿಮಾಕ್ಕೂ ಹೋಗುತ್ತೇವೆ. ಊಟಕ್ಕೆ ಮಾತ್ರ ಯಾರಾದರೂ ಎದುರು ಕೂತಿರಬೇಕು, ಇಲ್ಲದಿದ್ದರೆ ಮ್ಯಾಗಿ ಸಾಕು ಅನ್ನುವುದು ಯಾವ ನ್ಯಾಯ?

ಆದರೂ ಮೊದಲ ಕೊದ್ದೆಲು ಹಾಳಾಯಿತು, ಅದನ್ನೂ ಹೇಳಬೇಕು.

ಕೊತ್ತಂಬರಿ, ಉದ್ದಿನಬೇಳೆ, ಮೆಂತೆ, ಸ್ವಲ್ಪ ಜೀರಿಗೆ, ಇಂಗು, ಬ್ಯಾಡಗಿ ಮೆಣಸು. ಇಷ್ಟನ್ನು ತೆಂಗಿನೆಣ್ಣೆಯಲ್ಲಿ ಹುರಿದು ಕಾಯಿಯ ಜೊತೆ ಅರೆಯುವುದು. ಇದು ಚಿಕ್ಕಂದಿನಿಂದ ನೋಡಿದ್ದು. ಆದರೆ ಒಬ್ಬನಿಗೆ ಅಂತ ಒಂದು ಹಿಡಿ ಕಾಯಿ, ಎರಡು ಮೆಣಸು ಹಾಕಿ ಮಿಕ್ಸಿ ತಿರುಗಿಸಿದರೆ ಬ್ಲೇಡು ಗಾಳಿಯಲ್ಲಿ ಸುತ್ತುತ್ತದೆ, ಮಸಾಲೆ ಜಾರಿನ ಗೋಡೆಗೆ ಹಾರಿ ಅಂಟಿಕೊಂಡು ಕೂರುತ್ತದೆ. ಮುಚ್ಚಳ ತೆಗೆದು ಚಮಚದಲ್ಲಿ ಕೆಳಗೆ ತಳ್ಳು, ಮತ್ತೆ ತಿರುಗಿಸು, ಮತ್ತೆ ತಳ್ಳು. ಅರೆಯಲಿ ಅಂತ ನೀರು ಹಾಕಿದರೆ ಮಸಾಲೆ ನೀರಾಗಿ ಹೋಯಿತು. ಅದನ್ನು ಕುದಿಸಿ ಗಟ್ಟಿ ಮಾಡೋಣ ಅಂದರೆ, ಅಗಲ ಪಾತ್ರೆ ಇಟ್ಟಿದ್ದೆ ನೋಡಿ, ಫೋನ್ ಬಂತು ಅಂತ ಆಚೆ ಹೋಗಿ ಬರುವಷ್ಟರಲ್ಲಿ ನೀರೆಲ್ಲ ಆರಿ ತಳ ಹಿಡಿದಿತ್ತು. ದೊಡ್ಡ ಪಾತ್ರೆಯಲ್ಲಿ ಸ್ವಲ್ಪ ಅಡುಗೆ ಮಾಡಿದರೆ ನೀರು ಬೇಗ ಆರುತ್ತದೆ, ಉಪ್ಪು ಏರುತ್ತದೆ. ಮೆಂತೆಯದ್ದು ಬೇರೆ ಕಥೆ. ಎಂಟು ಜನಕ್ಕೆ ಕಾಲು ಚಮಚ ಅಂದರೆ ಒಬ್ಬನಿಗೆ ನಾಲ್ಕೈದು ಕಾಳು. ನಾನು “ಸ್ವಲ್ಪ” ಅಂತ ಹಾಕಿದ್ದು ಇಪ್ಪತ್ತು ಕಾಳು ಇದ್ದಿರಬೇಕು. ಕಹಿ ಅಂದರೆ ಕಹಿ. ತುಳುವರ ಆಟಿ ತಿಂಗಳ ಅಮಾವಾಸ್ಯೆಗೆ ಕುಡಿಯುವ ಹಾಲೆ ಮರದ ಕಷಾಯವೇ ಇದಕ್ಕಿಂತ ಮೇಲು.

ಆಮೇಲೆ ದಾರಿ ತೋರಿಸಿದ್ದು ಬೋಳು ಹುಳಿ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಬೋಳು ಅಂದರೆ ಕಾಯಿ ಇಲ್ಲದ್ದು, ಅರೆಯುವ ಕೆಲಸ ಇಲ್ಲದ್ದು. ಬೇಯಿಸಿದ ತೊಗರಿಬೇಳೆ, ತರಕಾರಿ, ಹುಣಸೆಹುಳಿ, ಒಂದು ಚೂರು ಬೆಲ್ಲ, ಸೀಳಿದ ಹಸಿಮೆಣಸು, ಉಪ್ಪು, ಕೊನೆಗೆ ತೆಂಗಿನೆಣ್ಣೆಯ ಒಗ್ಗರಣೆ. ಮುಗಿಯಿತು. ಮನೆಯಲ್ಲಿ ಇದನ್ನು ಅಮ್ಮ ಮಾಡುತ್ತಿದ್ದದ್ದು ಪುರುಸೊತ್ತು ಇಲ್ಲದ ದಿನ, “ಇವತ್ತು ಸುಮ್ನೆ ಒಂದು ಬೋಳು ಹುಳಿ” ಅಂತ ಸ್ವಲ್ಪ ನಾಚಿಕೊಂಡೇ ಬಡಿಸುತ್ತಿದ್ದಳು. ನನಗೆ ಈಗ ಅದೇ ರಾಜ. ಕಾಯಿ ಹಾಕಿದ ಕೊದ್ದೆಲಿನಲ್ಲಿ ತರಕಾರಿ ಮಸಾಲೆಯ ಹಿಂದೆ ನಿಲ್ಲುತ್ತದೆ. ಬೋಳು ಹುಳಿಯಲ್ಲಿ ಗುಳ್ಳ, ಅಂದರೆ ಗುಂಡು ಬದನೆ, ಹಾಕಿದರೆ ಗುಳ್ಳದ ರುಚಿಯೇ ಬಾಯಿಗೆ ಬರುತ್ತದೆ.

ಗುಳ್ಳ ಅಂದೆನಲ್ಲ, ಅದು ಮಟ್ಟುಗುಳ್ಳವೇ ಆಗಬೇಕು, ಇದರಲ್ಲಿ ನಾನು ಹಟಮಾರಿ. ಕಟಪಾಡಿಯಿಂದ ಕಡಲಿನ ಕಡೆಗೆ ಹೋದರೆ ಸಿಗುವ ಊರು ಮಟ್ಟು. ಸೋದೆ ಮಠದ ವಾದಿರಾಜರು ಕೊಟ್ಟ ಬೀಜದಿಂದ ಬಂದದ್ದು ಅಂತ ಅಲ್ಲಿನವರ ನಂಬಿಕೆ. ಎರಡು ವರ್ಷಕ್ಕೊಮ್ಮೆ ಪರ್ಯಾಯ, ಅಂದರೆ ಕೃಷ್ಣನ ಪೂಜೆಯ ಸರದಿ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಉತ್ಸವ, ಬಂದಾಗ ಮಟ್ಟುವಿನಿಂದ ಉಡುಪಿ ಕೃಷ್ಣ ಮಠಕ್ಕೆ ಗುಳ್ಳದ ಹೊರೆಕಾಣಿಕೆ ಹೋಗುತ್ತದೆ. 2011ರಲ್ಲಿ ಆ ಊರಿನದ್ದೇ ಬೆಳೆ ಅನ್ನುವ ಜಿಐ ಮಾನ್ಯತೆಯೂ ಸಿಕ್ಕಿದೆ. ಹಾಗಂತ ಮಾರ್ಕೆಟಿನಲ್ಲಿ ಹಸಿರಾಗಿ ಗುಂಡಗೆ ಇರುವುದೆಲ್ಲ ಮಟ್ಟುಗುಳ್ಳ ಅಲ್ಲ. ನಿಜವಾದದ್ದರ ಸಿಪ್ಪೆ ತೆಳು, ತೊಟ್ಟಿನಲ್ಲಿ ಮುಳ್ಳು, ಮೈಮೇಲೆ ತಿಳಿಹಸಿರು ಗೆರೆ. ಬೇಯಿಸಿದರೆ ಬೆಣ್ಣೆಯ ಹಾಗೆ ಆಗುತ್ತದೆ, ಕಹಿ ಬಿಡುವುದಿಲ್ಲ.

ಸೆಂಟ್ರಲ್ ಮಾರ್ಕೆಟಿನ ಕಡೆ ನಾನು ಯಾವಾಗಲೂ ಹೋಗುವ ತರಕಾರಿ ಮಾರುವ ಅಮ್ಮನ ಹತ್ತಿರ ಮೊದಲ ಸಲ “ಒಂದು ಗುಳ್ಳ ಕೊಡಿ” ಅಂದೆ.

“ಒಂದು ಕಿಲೋವಾ?”

“ಅಲ್ಲ, ಒಂದು ಗುಳ್ಳ.”

ಅವರು ನನ್ನ ಮುಖ ನೋಡಿದರು. ಪಕ್ಕದವರಿಗೆ ತುಳುವಿನಲ್ಲಿ ಏನೋ ಹೇಳಿ ನಕ್ಕರು. “ಪೂಜೆಗಾ ಅಣ್ಣ?” ಅಂತ ಕೇಳಿದರು. ಈಗ ಅಭ್ಯಾಸ ಆಗಿದೆ. ನನ್ನನ್ನು ಕಂಡ ಕೂಡಲೇ “ಒಣಸ್ ಆಂಡಾ?”, ಊಟ ಆಯ್ತಾ ಅಂತ ಕೇಳಿ, ಒಂದು ಗುಳ್ಳ, ನಾಲ್ಕು ಬೆಂಡೆ, ಅರ್ಧ ಕಟ್ಟು ಹರಿವೆ ತೆಗೆದು ಇಡುತ್ತಾರೆ. ಮನೆಗೆ ತಂದು ಆ ಒಂದೇ ಗುಳ್ಳವನ್ನು ಹೆಚ್ಚುವುದರಲ್ಲೂ ಒಂದು ಸುಖ ಇದೆ. ಚೂರಿ ಇಟ್ಟರೆ ಸರ್ರನೆ ಇಳಿಯುತ್ತದೆ. ಒಳಗೆ ಬೆಳ್ಳಗೆ, ಮಧ್ಯೆ ಸಣ್ಣ ಸಣ್ಣ ಬೀಜದ ಸಾಲು. ಕೂಡಲೇ ನೀರಿಗೆ ಹಾಕಬೇಕು, ಇಲ್ಲದಿದ್ದರೆ ಕಪ್ಪಾಗುತ್ತದೆ. ನೀರಿನಲ್ಲಿ ಹೋಳುಗಳು ತೇಲುತ್ತವೆ, ಬೆರಳಿನಲ್ಲಿ ಒತ್ತಿ ಮುಳುಗಿಸಿದರೆ ಮತ್ತೆ ಮೇಲೆ ಬಂದು ತಿರುಗಿ ಬೀಳುತ್ತವೆ. ಇಷ್ಟಕ್ಕೆಲ್ಲ ಎಂಟು ಜನರ ಅಡುಗೆಯಲ್ಲಿ ಪುರುಸೊತ್ತು ಎಲ್ಲಿದೆ? ತೊಟ್ಟನ್ನು ಬಿಸಾಡುವುದಿಲ್ಲ. ಅದು ಕಾವಲಿಗೆ ಎಣ್ಣೆ ಸವರಲಿಕ್ಕೆ.

ಕಾವಲಿ ಅಂದ ಕೂಡಲೇ ನೀರುದೋಸೆಯ ವಿಷಯ ಹೇಳಲೇಬೇಕು, ಯಾಕೆಂದರೆ ಇದು ನಾನು ಒಬ್ಬನೇ ಇದ್ದು ಕಂಡುಹಿಡಿದದ್ದು.

ನೀರುದೋಸೆಗೆ ಹುಳಿ ಬರಿಸುವುದು, ಕಾಯುವುದು ಯಾವುದೂ ಇಲ್ಲ. ಅರ್ಧ ಕುಡ್ತೆ ಅಕ್ಕಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ನುಣ್ಣಗೆ ಅರೆದು, ಉಪ್ಪು ಹಾಕಿ, ಮಜ್ಜಿಗೆನೀರಿನಷ್ಟು ತೆಳ್ಳಗೆ ಮಾಡಿದರೆ ಒಬ್ಬನಿಗೆ ಬೇಕಾದಷ್ಟು ಆಗುತ್ತದೆ. ಒಂದೇ ಗುಟ್ಟು: ಪ್ರತಿ ಸಲ ಹೊಯ್ಯುವ ಮೊದಲು ಸೌಟಿನಲ್ಲಿ ತಳದಿಂದ ಕಲಸಬೇಕು. ಅಕ್ಕಿ ಭಾರ, ಅರ್ಧ ನಿಮಿಷ ಬಿಟ್ಟರೆ ಕೆಳಗೆ ಕೂರುತ್ತದೆ, ಮೇಲಿನ ನೀರು ಹೊಯ್ದರೆ ದೋಸೆ ಹರಿದು ಚಿಂದಿ, ಕೊನೆಗೆ ಉಳಿದ ಹಿಟ್ಟು ಹೊಯ್ದರೆ ರೊಟ್ಟಿ. ಬೀಡಿನ ಕಾವಲಿ ಚೆನ್ನಾಗಿ ಕಾಯಬೇಕು. ಹೊಯ್ದ ಕೂಡಲೇ ಚೊಂಯ್ ಅಂತ ತೂತು ಬೀಳಬೇಕು, ಆ ಸದ್ದು ಬರದಿದ್ದರೆ ಆ ದೋಸೆಯ ಆಸೆ ಬಿಡಿ. ಮುಚ್ಚಳ ಮುಚ್ಚಿ ಒಂದು ನಿಮಿಷ. ಮಗುಚುವುದು ಬೇಡ.

ಈಗ ಕೇಳಿ. ನೀರುದೋಸೆ ಕಾವಲಿಯಿಂದ ಎದ್ದ ಮೊದಲ ಎರಡು ನಿಮಿಷ ಒಂದು ತಿಂಡಿ, ಆಮೇಲೆ ಬೇರೆಯೇ ತಿಂಡಿ. ಬಿಸಿಯಲ್ಲಿ ಅದು ರೇಷ್ಮೆ ವಸ್ತ್ರದ ಹಾಗೆ ಮಡಚಿಕೊಳ್ಳುತ್ತದೆ, ಅಂಚು ಮಾತ್ರ ಸ್ವಲ್ಪ ಗರಿ. ತಣಿದ ಮೇಲೆ ಒಂದಕ್ಕೊಂದು ಅಂಟಿ ಮುದ್ದೆ. ಮನೆಯಲ್ಲಿ ಎಲ್ಲರಿಗೂ ಬಿಸಿ ಬಿಸಿ ಸಿಗುತ್ತಿತ್ತು, ಕೊನೆಗೆ ಕೂರುವ ಅಮ್ಮನಿಗೆ ಸಿಗುತ್ತಿದ್ದದ್ದು ಆ ಮುದ್ದೆ. ಒಬ್ಬನೇ ಇರುವವನು ಒಲೆಯ ಎದುರು ನಿಂತು, ಎಡಗೈಯಲ್ಲಿ ತಟ್ಟೆ ಹಿಡಿದು, ಒಂದು ತಿನ್ನುವಾಗ ಇನ್ನೊಂದು ಬೇಯುತ್ತಿರುವ ಹಾಗೆ, ಆರು ದೋಸೆಯನ್ನೂ ಅದರ ಮೊದಲ ಎರಡು ನಿಮಿಷದಲ್ಲೇ ತಿನ್ನಬಹುದು. ರಾಜನಿಗೂ ಹೀಗೆ ಸಿಗಲಿಕ್ಕಿಲ್ಲ, ಅವನ ಅಡುಗೆಮನೆ ದೂರ ಇರುತ್ತದೆ. ನಿಂತು ತಿನ್ನಬಾರದು ಅಂತ ಅಜ್ಜಿ ಹೇಳುತ್ತಿದ್ದರು. ಅಜ್ಜಿಯ ಕ್ಷಮೆ ಇರಲಿ.

ಇನ್ನು ಸೌತೆಕಾಯಿ. ಊರಿಂದ ಬರುವಾಗ ಅಪ್ಪ ಮೂರು ಮಂಗಳೂರು ಸೌತೆ ಚೀಲಕ್ಕೆ ಹಾಕಿ ಕಳಿಸುತ್ತಾರೆ. ನಮ್ಮ ಮನೆಯಲ್ಲಿ ಬೇಸಿಗೆಯ ಸೌತೆಯನ್ನು ಬಾಳೆನಾರಿನಲ್ಲಿ ಕಟ್ಟಿ ಅಟ್ಟದ ಜಂತಿಗೆ ನೇತುಹಾಕುತ್ತಿದ್ದರು, ಜೋರು ಮಳೆಗಾಲದಲ್ಲಿ ಒಂದೊಂದೇ ಇಳಿಸುವುದು. ಫ್ಲ್ಯಾಟಿನಲ್ಲಿ ಜಂತಿ ಎಲ್ಲಿ? ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವ ಕಂಬಿಗೆ ಕಟ್ಟಿದ್ದೇನೆ. ಕೆಳಗಿನ ಮನೆಯವರು ಒಂದು ದಿನ ಲಿಫ್ಟಿನಲ್ಲಿ ತುಂಬಾ ಮರ್ಯಾದೆಯಿಂದ, “ನಿಮ್ಮ ಬಾಲ್ಕನಿಯಲ್ಲಿ ಅದೆಂತದು, ದೃಷ್ಟಿಗಾ?” ಅಂತ ಕೇಳಿದರು. ಒಂದು ಸೌತೆ ಒಡೆದರೆ ನನಗೆ ನಾಲ್ಕು ದಿನ. ಮೊದಲ ದಿನ ಹುಳಿ, ಎರಡನೇ ದಿನ ತಿರುಳಿನ ತಂಬುಳಿ, ಮೂರನೇ ದಿನ ತುರಿದು ಅಕ್ಕಿಯ ಜೊತೆ ಅರೆದು ದೋಸೆ. ನಾಲ್ಕನೇ ದಿನಕ್ಕೆ ಸಿಪ್ಪೆಯ ಚಟ್ನಿ, ಆ ದಿನ ಸೌತೆಯ ಹೆಸರು ಕೇಳಿದರೆ ಸಿಟ್ಟು ಬರುತ್ತದೆ. ಕಾಯಿಯದ್ದೂ ಇದೇ ಪಾಡು. ಒಡೆದರೆ ಎರಡು ಹೋಳು, ಕಣ್ಣಿರುವ ಹೋಳು ಬೇಗ ಹಾಳಾಗುತ್ತದೆ, ಅದನ್ನು ಮೊದಲು ಖರ್ಚು ಮಾಡು ಅಂತ ಅಮ್ಮ. ನಾನು ಈಗ ಪೂರ್ತಿ ತುರಿದು ಹಿಡಿ ಹಿಡಿ ಲೆಕ್ಕದಲ್ಲಿ ಸಣ್ಣ ಡಬ್ಬಿಗಳಿಗೆ ಹಾಕಿ ಫ್ರೀಜರಿನಲ್ಲಿ ಇಡುತ್ತೇನೆ. ಅಮ್ಮ ಇದನ್ನು ಒಪ್ಪಿಲ್ಲ.

ಅಮ್ಮನ ವಿಷಯಕ್ಕೆ ಬರುತ್ತೇನೆ. ಈ ಬರಹ ಶುರು ಮಾಡಿದ್ದೇ ಅದಕ್ಕೆ, ನಡುವೆ ಗುಳ್ಳ ಬಂತು, ಸೌತೆ ಬಂತು.

ನಮ್ಮ ಮನೆಯಲ್ಲಿ ಈರುಳ್ಳಿ ಅಪರೂಪ, ಬೆಳ್ಳುಳ್ಳಿಯಂತೂ ಹೊಸ್ತಿಲು ದಾಟುವ ಹಾಗಿಲ್ಲ. ಅಜ್ಜನ ಕಾಲದಿಂದ ಹಾಗೆ, ಅಪ್ಪನೂ ಹಾಗೆ. ಚಾತುರ್ಮಾಸ್ಯದಲ್ಲಿ ತರಕಾರಿ ಬಿಡುವ ತಿಂಗಳು, ಮೊಸರು ಬಿಡುವ ತಿಂಗಳು, ಹಾಲು ಬಿಡುವ ತಿಂಗಳು, ಬೇಳೆ ಬಿಡುವ ತಿಂಗಳು ಎಲ್ಲವನ್ನೂ ಅಪ್ಪ ಚಾಚೂ ತಪ್ಪದೆ ನಡೆಸುತ್ತಾರೆ. ಅಮ್ಮ ಅದಕ್ಕೆ ಸರಿಯಾಗಿ ಅಡುಗೆ ಮಾಡುತ್ತಾಳೆ, ಒಂದು ದಿನವೂ ಗೊಣಗಿದ್ದು ನಾನು ಕೇಳಿಲ್ಲ.

ಕಳೆದ ವರ್ಷ ಒಂದು ಬುಧವಾರ ಉಡುಪಿಯಲ್ಲಿ ನನ್ನ ಕೆಲಸ ಬೇಗ ಮುಗಿಯಿತು. ವಾಪಸ್ ಬರುವಾಗ ಕಟಪಾಡಿಯಲ್ಲಿ ಇಳಿದು ಮನೆಗೆ ಹೋಗಿ ಊಟ ಮಾಡಿಯೇ ಹೋಗೋಣ ಅಂತ, ಫೋನು ಮಾಡದೆ ಹೋದೆ. ಮಳೆ ಆಗಷ್ಟೇ ನಿಂತಿತ್ತು, ಅಂಗಳದಲ್ಲಿ ನೀರು. ಅಪ್ಪ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದರು ಅಂತ ಆಮೇಲೆ ಗೊತ್ತಾಯಿತು. ಜಗಲಿ ಹತ್ತುವಾಗಲೇ ಮೂಗಿಗೆ ಒಂದು ಪರಿಮಳ ಬಡಿಯಿತು. ಒಂದು ಕ್ಷಣ ನಾನು ಮನೆ ತಪ್ಪಿದೆನಾ ಅನ್ನಿಸಿತು. ಬೆಳ್ಳುಳ್ಳಿ! ತೆಂಗಿನೆಣ್ಣೆಯಲ್ಲಿ ಕೆಂಪಾಗುತ್ತಿರುವ ಬೆಳ್ಳುಳ್ಳಿ, ಅನುಮಾನವೇ ಇಲ್ಲ.

ಹಿಂದಿನ ಬಾಗಿಲಿನಿಂದ ಹೋದೆ. ಅಮ್ಮ ಹಿತ್ತಲಿನ ಬಚ್ಚಲೊಲೆಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, ಸಣ್ಣ ಒಗ್ಗರಣೆ ಸೌಟನ್ನು ಕೆಂಡದ ಮೇಲೆ ಹಿಡಿದಿದ್ದಾಳೆ. ಪಕ್ಕದಲ್ಲಿ ಒಂದು ಪಾತ್ರೆ, ಅದರಲ್ಲಿ ಬಸಳೆಯ ಬೋಳು ಹುಳಿ. ನನ್ನನ್ನು ನೋಡಿ ಬೆಚ್ಚಿದಳು, ಆದರೆ ಕೈ ಬಿಡಲಿಲ್ಲ, ಒಗ್ಗರಣೆಯನ್ನು ಮೊದಲು ಪಾತ್ರೆಗೆ ಸುರಿದು, ಮುಚ್ಚಳ ಮುಚ್ಚಿ, ಆಮೇಲೆ, “ಎಂತ ಮಗ, ಫೋನಾದ್ರೂ ಮಾಡ್ಬಾರದಾ?” ಅಂದಳು. ಮುಚ್ಚಳ ತಡ ಮಾಡಿದರೆ ಪರಿಮಳ ಹೋಗುತ್ತದಲ್ಲ.

ನನಗೆ ನಗು ತಡೆಯಲಿಕ್ಕೆ ಆಗಲಿಲ್ಲ. ಅವಳೂ ನಕ್ಕಳು, ಸೆರಗು ಬಾಯಿಗೆ ಇಟ್ಟುಕೊಂಡು. ಶಾಲೆಗೆ ಹೋಗುವಾಗ ಒಬ್ಬಳು ಗೆಳತಿಯ ಮನೆಯಲ್ಲಿ ತಿಂದ ರುಚಿಯಂತೆ ಅದು. ಮದುವೆಯಾಗಿ ಬಂದ ಮೇಲೆ ಇಪ್ಪತ್ತು ವರ್ಷ ತಿಂದೇ ಇಲ್ಲ. ಅಜ್ಜ ಅಜ್ಜಿ ಹೋದ ಮೇಲೆ, ನಾವೆಲ್ಲ ಊರು ಬಿಟ್ಟ ಮೇಲೆ, ಅಪ್ಪ ಇಲ್ಲದ ದಿನ ಹಿತ್ತಲಿನಲ್ಲಿ ಶುರುವಾಯಿತು. ಬೆಳ್ಳುಳ್ಳಿ ಎಲ್ಲಿ ಇಡುತ್ತೀ ಅಂತ ಕೇಳಿದೆ. ಒಳಗೆ ಹೋಗಿ ಹೊಲಿಗೆ ಡಬ್ಬಿ ತಂದಳು. ಹಳೇ ಬಿಸ್ಕತ್ತಿನ ತಗಡಿನ ಡಬ್ಬಿ, ಅದರಲ್ಲಿ ದಾರದ ಉಂಡೆ, ಗುಂಡಿ, ಸೂಜಿ, ಅದರ ಅಡಿಯಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಬೆಳ್ಳುಳ್ಳಿ, ಅರ್ಧ ಗೆಡ್ಡೆ. ಅಪ್ಪ ಜನ್ಮದಲ್ಲಿ ಗುಂಡಿ ಹೊಲಿದುಕೊಂಡವರಲ್ಲ.

ನಾವಿಬ್ಬರೂ ಹಿತ್ತಲಿನ ಮೆಟ್ಟಿಲಿನಲ್ಲೇ ಕೂತು ಕುಚ್ಚಲಕ್ಕಿ ಅನ್ನಕ್ಕೆ ಆ ಬಸಳೆ ಹುಳಿ ಹಾಕಿಕೊಂಡು ಉಂಡೆವು. ಚಪ್ಪರದ ಬಸಳೆ, ದಪ್ಪ ದಂಟು, ಕಚ್ಚಿದರೆ ಒಳಗಿನ ಲೋಳೆ ಜಾರಿ ನಾಲಿಗೆಗೆ ಬರುತ್ತದೆ. ಬೇಯಿಸಿದ ಹಲಸಿನ ಬೀಜ ಅಲ್ಲಲ್ಲಿ ಸಿಗುತ್ತದೆ. ಮೇಲೆ ಬೆಳ್ಳುಳ್ಳಿ, ಕರಟಿಲ್ಲ, ಹಸಿಯೂ ಅಲ್ಲ. ಮೂವತ್ತೈದು ವರ್ಷ ಅಮ್ಮನ ಅಡುಗೆ ಉಂಡಿದ್ದೇನೆ, ಇಷ್ಟು ಒಳ್ಳೆಯ ಹುಳಿ ಅವಳು ನನಗೆ ಬಡಿಸಿರಲಿಲ್ಲ. ಹಾಗಂತ ಹೇಳಿದೆ. “ಅದು ನಿಮಗೆ ಮಾಡಿದ್ದು, ಇದು ನನಗೆ ಮಾಡಿದ್ದು” ಅಂದಳು, ತುಂಬಾ ಸಹಜವಾಗಿ, ಪಾತ್ರೆ ಬಳಿಯುತ್ತಾ.

ಎಂಟು ಜನಕ್ಕೆ ಮಾಡುವಾಗ ಯಾರಿಗೂ ಖಾರ ಆಗಬಾರದು, ಯಾರಿಗೂ ಸಪ್ಪೆ ಆಗಬಾರದು, ಅಜ್ಜನಿಗೆ ಹಲ್ಲಿಲ್ಲ, ಮಗುವಿಗೆ ಮೆಣಸು ಆಗದು, ಹೀಗೆ ಎಲ್ಲರಿಗೂ ಅರ್ಧ ಅರ್ಧ ಸರಿಹೋಗುವ ಒಂದು ರುಚಿಗೆ ಅಡುಗೆ ಬಂದು ನಿಲ್ಲುತ್ತದೆ. ಅದೂ ಬೇಕು, ಅದನ್ನೇ ನಾವು ಮನೆರುಚಿ ಅನ್ನುವುದು. ಆದರೆ ಮಾಡುವವರ ಸ್ವಂತ ರುಚಿ ಏನು ಅಂತ ಅವರು ಒಬ್ಬರೇ ಇರುವಾಗ ಮಾತ್ರ ಗೊತ್ತಾಗುತ್ತದೆ ಅಂತ ಕಾಣುತ್ತದೆ. ನನ್ನ ರುಚಿ ಹುಳಿ ಜಾಸ್ತಿ, ಬೆಲ್ಲ ಕಮ್ಮಿ. ಇದು ಗೊತ್ತಾಗಲಿಕ್ಕೆ ನನಗೆ 39 ವರ್ಷ ಬೇಕಾಯಿತು. ಹೆಂಡತಿ ಬಂದಾಗ ನನ್ನ ಅಳತೆಯಲ್ಲೇ ಮೆಣಸುಕಾಯಿ ಅನ್ನುವ ಗೊಜ್ಜು ಮಾಡಿ ಬಡಿಸಿದೆ, ಅನಾನಸಿನದ್ದು, ಎಳ್ಳು ಹುರಿದು ಅರೆದು. “ಇದು ನಿಮ್ಮಮ್ಮನ ಹಾಗಿಲ್ಲ” ಅಂದಳು. ಬೈಯುತ್ತಿದ್ದಾಳೋ ಹೊಗಳುತ್ತಿದ್ದಾಳೋ ಗೊತ್ತಾಗದೆ ಸುಮ್ಮನಿದ್ದೆ. ಎರಡನೇ ಸಲ ಹಾಕಿಸಿಕೊಂಡಳು.

ಎಲ್ಲ ಸಲ ಹೀಗೆ ಗೆದ್ದಿದ್ದೇನೆ ಅಂತ ತಿಳಿಯಬೇಡಿ. ಮಳೆಗಾಲದಲ್ಲಿ ಅವರು ಬಂದಾಗ ಪತ್ರೊಡೆ ಮಾಡಿದೆ. ಕೆಸುವಿನ ಎಲೆಯ ಹಿಂಬದಿಗೆ ಹಿಟ್ಟು ಸವರಿ, ಎಲೆಯ ಮೇಲೆ ಎಲೆ ಇಟ್ಟು, ಸುರುಳಿ ಸುತ್ತಿ, ಮುಕ್ಕಾಲು ಗಂಟೆ ಹಬೆಯಲ್ಲಿ ಬೇಯಿಸಿ, ಬಿಲ್ಲೆ ಬಿಲ್ಲೆ ಕತ್ತರಿಸಿ, ಕಾವಲಿಯಲ್ಲಿ ಕೆಂಪಗೆ ಮಾಡಿ ಬಡಿಸಿದೆ. ನೋಡಲಿಕ್ಕೆ ಚಿತ್ರದಂತೆ ಇತ್ತು. ಆದರೆ ನನ್ನ ಒಬ್ಬನ ಲೆಕ್ಕದ ಅಭ್ಯಾಸ ನೋಡಿ, ಹುಣಸೆಹುಳಿಯನ್ನು ಮೂರು ಹುಣಸೆಬೀಜದಷ್ಟು ಹಾಕಿದ್ದೆ. ಕೆಸುವಿನ ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳು ಇರುತ್ತದೆ, ತುರಿಕೆ ಅದರದ್ದೇ. ಅದಕ್ಕೇ ಪತ್ರೊಡೆಗೆ ಹುಳಿ ಧಾರಾಳ ಬೇಕು, ಬೇಯುವುದೂ ಸರಿಯಾಗಿ ಬೇಯಬೇಕು. ಎರಡು ತುಂಡು ತಿಂದ ಮಗ ಗಂಟಲು ಹಿಡಿದುಕೊಂಡು, “ಅಪ್ಪಾ, ಒಳಗೆ ಇರುವೆ ನಡೀತಿದೆ” ಅಂದ. ಹತ್ತು ನಿಮಿಷದಲ್ಲಿ ಮೂವರೂ ಕೆಮ್ಮುತ್ತಾ ಹುಳಿ ಮಜ್ಜಿಗೆ ಕುಡಿಯುತ್ತಾ ಕೂತಿದ್ದೆವು. ಈಗ ಅವನಿಗೆ ನಾನು ಏನು ಬಡಿಸಿದರೂ ಮೊದಲ ಪ್ರಶ್ನೆ, “ಇದರಲ್ಲಿ ಇರುವೆ ಇದೆಯಾ?” ನೀರುದೋಸೆಗೆ ಕಾಯಿ ಬೆಲ್ಲ ಮಾತ್ರ ಪ್ರಶ್ನೆ ಇಲ್ಲದೆ ಒಳಗೆ ಹೋಗುತ್ತದೆ. ಅವನು ಬಂದ ದಿನ ನಾನು ಕೊನೆಗೆ ಕೂತು ಮುದ್ದೆಯಾದ ದೋಸೆ ತಿನ್ನುತ್ತೇನೆ. ಅದರಲ್ಲೇನೂ ಬೇಸರ ಇಲ್ಲ, ಹದಿಮೂರು ದಿನ ಬಿಸಿಯದ್ದೇ ತಿಂದಿರುತ್ತೇನಲ್ಲ.

ಎದುರು ಮನೆಯಲ್ಲಿ ಒಬ್ಬರು ಕೊಂಕಣಿ ಆಂಟಿ ಇದ್ದಾರೆ. ಅವರೂ ಒಬ್ಬರೇ, ಮಕ್ಕಳು ಗಲ್ಫಿನಲ್ಲಿ. ಒಂದು ಸಲ ಗುಳ್ಳದ ಹುಳಿ ಜಾಸ್ತಿ ಆಗಿತ್ತು, ಒಂದು ಸ್ಟೀಲ್ ಡಬ್ಬಿಯಲ್ಲಿ ಕೊಟ್ಟೆ. ಮರುದಿನ ಡಬ್ಬಿ ವಾಪಸ್ ಬಂತು, ಒಳಗೆ ಇಡ್ಲಿಯಂಥ ನಾಲ್ಕು ಸಾನ್ನ. ಖಾಲಿ ಡಬ್ಬಿ ಹಿಂದೆ ಕೊಡಬಾರದು ಅನ್ನುವುದು ಅವರಲ್ಲೂ ಇದೆ, ನಮ್ಮಲ್ಲೂ ಇದೆ, ಹಾಗಾಗಿ ಆ ಡಬ್ಬಿಗೆ ಈಗ ಒಂದೂವರೆ ವರ್ಷದಿಂದ ನಿಲ್ಲಲಿಕ್ಕೆ ಜಾಗವೇ ಸಿಕ್ಕಿಲ್ಲ. ಕ್ರಿಸ್ಮಸ್ಸಿಗೆ ಅದರಲ್ಲಿ ಕುಸ್ವಾರ್, ಅಂದರೆ ಅವರ ಹಬ್ಬದ ತಿಂಡಿಗಳು, ಬಂದಿತ್ತು, ನೆವ್ರಿ ಮೇಲೆ, ಕಿಡಿಯೊ ಕೆಳಗೆ. ಡಬ್ಬಿ ಯಾರದ್ದು ಅಂತ ಇಬ್ಬರಿಗೂ ಈಗ ಸರಿಯಾಗಿ ನೆನಪಿಲ್ಲ.

ಹೋದ ತಿಂಗಳು ಅಮ್ಮ ನಾಲ್ಕು ದಿನಕ್ಕೆ ಅಂತ ಬಿಜೈಗೆ ಬಂದಳು. ಅಪ್ಪ ಬರಲಿಲ್ಲ, ಅವರಿಗೆ ಲಿಫ್ಟ್ ಆಗುವುದಿಲ್ಲ. ಬಂದ ದಿನವೇ ನಾನು ಅವಳನ್ನು ಅಡುಗೆಮನೆಗೆ ಬಿಡದೆ ಕುರ್ಚಿ ಹಾಕಿ ಕೂರಿಸಿದೆ. ಬಸಳೆ ಬೇಯಿಸಿದೆ, ಬೇಳೆ, ಹುಳಿ, ಹಸಿಮೆಣಸು, ಊರಿಂದ ತಂದ ಹಲಸಿನ ಬೀಜ. ಚಿಕ್ಕ ಪಾತ್ರೆ, ಇಬ್ಬರ ಲೆಕ್ಕ. ಕೊನೆಗೆ ಫ್ರಿಜ್ಜಿನ ಮೇಲೆ ಎಲ್ಲರಿಗೂ ಕಾಣುವ ಹಾಗೆ ಇಟ್ಟ ಬುಟ್ಟಿಯಿಂದ ಒಂದು ಗೆಡ್ಡೆ ಬೆಳ್ಳುಳ್ಳಿ ತೆಗೆದು, ಆರು ಎಸಳನ್ನು ಚೊಂಬಿನ ತಳದಲ್ಲಿ ಜಜ್ಜಿ, ಕಾದ ತೆಂಗಿನೆಣ್ಣೆಗೆ ಹಾಕಿದೆ. ಅಮ್ಮ ಕಿಟಕಿ ಕಡೆ ಒಮ್ಮೆ ನೋಡಿದಳು. ಆಮೇಲೆ ಸೌಟನ್ನೇ ನೋಡುತ್ತಾ ಕೂತಳು.

ಉಣ್ಣುವಾಗ ಮಾತಿಲ್ಲ. ನಾನೇ ತಡೆಯಲಾರದೆ ಹೇಗಿದೆ ಅಂತ ಕೇಳಿದೆ.

“ಬೆಳ್ಳುಳ್ಳಿ ಸ್ವಲ್ಪ ಕರಟಿತು. ಬಣ್ಣ ಬರುವ ಮೊದಲೇ ಇಳಿಸ್ಬೇಕು, ಸೌಟಿನ ಬಿಸಿಗೇ ಉಳಿದದ್ದು ಆಗ್ತದೆ” ಅಂದಳು. ಅನ್ನ ಇನ್ನೂ ಸ್ವಲ್ಪ ಹಾಕಿಸಿಕೊಂಡಳು, ಹುಳಿಯನ್ನು ತಾನೇ ಬಡಿಸಿಕೊಂಡಳು.

ನಾಲ್ಕನೇ ದಿನ ಸ್ಟೇಟ್ ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಉಡುಪಿ ಬಸ್ಸಿಗೆ ಹತ್ತಿಸುವಾಗ ಅವಳ ಚೀಲ ಎತ್ತಿಕೊಟ್ಟೆ. ಒಳಗೆ ಏನೋ ತಗಡಿನದ್ದು ಗಲಗಲ ಅಂದಿತು. “ಹೊಲಿಗೆ ಡಬ್ಬಿ ಇಲ್ಲಿಗೂ ತಂದಿದ್ಯಾ?” ಅಂದೆ. “ನಿನ್ನ ಅಂಗಿಗೆ ಗುಂಡಿ ಇರ್ಲಿಲ್ಲ, ಹಾಕಿದ್ದೇನೆ” ಅಂದಳು. ಮನೆಗೆ ಬಂದು ನೋಡಿದರೆ ಅಂಗಿಗೆ ಗುಂಡಿ ಹಾಕಿತ್ತು, ನಿಜ. ಫ್ರಿಜ್ಜಿನ ಮೇಲಿನ ಬುಟ್ಟಿ ಖಾಲಿ.